ಗೈರುಹಾಜರಿ

ಜ್ಯಾಕ್ಸನ್ನಿನ ಸರ್ಕಾರಿ ದಫ್ತರಖಾನೆಗೆ ಪೆನ್ನು ತರುವಂತಿಲ್ಲ,
ಪೆನ್ಸಿಲ್ ಮಾತ್ರ.
ಹೊರಗೆ ಮಿಸಿಸಿಪಿಯ ಜುಲೈ, ಒದ್ದೆ ಕಂಬಳಿ ಹೊದ್ದ ಹಾಗೆ.
ಒಳಗಿನ ಚಳಿಗೆ ಸ್ವೆಟರ್ ಹಾಕಿಕೊಂಡು ಕೂತು
ಫಿಲ್ಮಿನ ಸುರುಳಿ ತಿರುಗಿಸುತ್ತೇನೆ,
ಮೂವತ್ತೊಂದು ವರ್ಷ ಶಾಲೆಯ ಬಸ್ಸು ತಿರುಗಿಸಿದ ಕೈ.

ಅಪ್ಪ ಹೇಳುತ್ತಿದ್ದದ್ದು:
ಆನ್ಸೆಲ್ ಟಾರ್‌ವಾಟರ್ ಕೊನೆಯ ದಿನದವರೆಗೂ
ಬಂದೂಕು ಕೆಳಗಿಡಲಿಲ್ಲ.
ಅದಕ್ಕೇ ಗೋರಿಯ ಬಳಿ ಕಬ್ಬಿಣದ ಶಿಲುಬೆ,
ಅದಕ್ಕೇ ಪ್ರತಿ ಏಪ್ರಿಲ್‌ನಲ್ಲಿ ಯಾರೋ ಬಂದು
ಅಂಗೈಯಗಲದ ಬಾವುಟ ನೆಟ್ಟು ಹೋಗುತ್ತಾರೆ.
ಅಪ್ಪನಿಗೆ ಆ ಬಾವುಟ ಬೇಕಿತ್ತು. ನನಗೆ
ಕೀಳುವ ಧೈರ್ಯವೂ ಇರಲಿಲ್ಲ, ನೋಡುವ ಧೈರ್ಯವೂ.

ಟರ್ವಾಟ್, ಟಾರ್ಬಟರ್, ಟಾರ್ವಟ್ಟ,
ಗುಮಾಸ್ತನ ಕಿವಿಗೆ ಬಿದ್ದಷ್ಟೇ ಹೆಸರು.
ಸಿಕ್ಕಿತು ಕಡೆಗೆ. ಒಂಬತ್ತು ಚೀಟಿ.
ವಯಸ್ಸು ಇಪ್ಪತ್ತಾರು, ಕಣ್ಣು ಬೂದು, ಕಸುಬು ಬೇಸಾಯ.
ಹಾಜರು. ಹಾಜರು. ಆಸ್ಪತ್ರೆ, ಭೇದಿ. ಹಾಜರು.
ವಿಕ್ಸ್‌ಬರ್ಗ್‌ನಲ್ಲಿ ಸೆರೆ; ಮಾತು ಕೊಟ್ಟು ಬಿಡುಗಡೆ.
ಆಮೇಲೆ ಶಾಯಿ ಹರಡಿದ ಒಂದು ಸಾಲು:
ಆಗಸ್ಟ್ ಇಪ್ಪತ್ತಮೂರರಿಂದ ಗೈರು, ರಜೆಯಿಲ್ಲದೆ.
ಮುಂದೆಲ್ಲ ಬಿಳಿ.

ಎರಡನೆಯ ಸುರುಳಿ, ಸಾವಿರದ ಒಂಬೈನೂರ ಹನ್ನೊಂದು.
ಪಿಂಚಣಿ ಕೇಳಿದವಳು ಕೆಜಾಯ ಟಾರ್‌ವಾಟರ್, ವಿಧವೆ.
ಆಸ್ತಿ? ಒಂದು ಹಸು, ಹನ್ನೊಂದು ಕೋಳಿ.
ದುಡಿಯಲು ಶಕ್ತಳೆ? ಒಂದು ಕಣ್ಣು ಹೋಗಿದೆ.
ನಿನ್ನ ಗಂಡ ಸೈನ್ಯ ಬಿಟ್ಟು ಓಡಿಹೋಗಿದ್ದನೆ?
ಇಲ್ಲ.
ಆ ‘ಇಲ್ಲ’ ಮಾತ್ರ ದಪ್ಪಗಿದೆ,
ನಿಬ್ಬನ್ನು ಎರಡು ಸಲ ಅದ್ದಿ ಬರೆದ ಹಾಗೆ.

ನನ್ನ ಮುತ್ತಜ್ಜಿ ಲುರಾನಾ ಹುಟ್ಟಿದ್ದು
ಅರವತ್ನಾಲ್ಕರ ಮೇ ತಿಂಗಳಲ್ಲಿ.
ಬೆರಳು ಮಡಿಸಿದೆ: ಮೇ, ಏಪ್ರಿಲ್, ಮಾರ್ಚ್...
ಒಂಬತ್ತನೆಯ ಬೆರಳು ಆಗಸ್ಟಿಗೆ ಬಂದು ನಿಂತಾಗ
ಗಟ್ಟಿಯಾಗಿ ನಕ್ಕುಬಿಟ್ಟೆ.
ಮೇಜಿನ ಹುಡುಗಿ ಕನ್ನಡಕದ ಮೇಲಿಂದ ನೋಡಿದಳು.
ಅಪ್ಪಾ, ನಿನ್ನ ಶೂರ ಅಲ್ಲೇ ನಿಂತಿದ್ದರೆ
ನೀನೂ ಇಲ್ಲ, ಈ ಸ್ವೆಟರೂ ಇಲ್ಲ,
ನಗುವುದಕ್ಕೆ ಬಾಯಿಯೂ ಇಲ್ಲ.

ನಗು ಮುಗಿದಿರಲಿಲ್ಲ, ಹಾಳೆ ಮುಂದೆ ಸರಿಯಿತು.
ಸಾಕ್ಷಿ: ಗ್ರೀನ್ ಟಾರ್‌ವಾಟರ್, ಕರಿಯ,
ಸುಮಾರು ಅರವತ್ತೆಂಟು.
ಆನ್ಸೆಲ್ ಕೊನೆಯವರೆಗೂ ಸೈನ್ಯದಲ್ಲಿದ್ದದ್ದನ್ನು ಬಲ್ಲೆ.
ಕೆಳಗೆ ಒಂದು ಗುಣಾಕಾರದ ಗುರುತು.

ಅರವತ್ತರ ಗಣತಿಯನ್ನು ಹಿಂದೆ ನೋಡಿದ್ದೆ,
ನೋಡಿ ಮುಂದೆ ಹೋಗಿದ್ದೆ.
ಮಾಲೀಕ, ಆನ್ಸೆಲ್. ಎದುರಿಗೆ
ಒಂದು. ಹದಿನೇಳು. ಗಂಡು. ಕಪ್ಪು.
ಹೆಸರಿಗೆ ಆ ಕಾಗದದಲ್ಲಿ ಅಂಕಣವೇ ಇಲ್ಲ.

ಬಲ್ಲೆ ಅಂದನಲ್ಲ, ನಿಜಕ್ಕೂ ಬಲ್ಲವನು ಅವನೇ.
ಜೋಳದ ಕಣಜದಲ್ಲಿ ಅಡಗಿದ್ದವನಿಗೆ
ಕತ್ತಲಲ್ಲಿ ರೊಟ್ಟಿ ಒಯ್ದದ್ದು ಯಾರ ಕೈ?
ಆ ಸುಳ್ಳಿಗೆ ಬೆಲೆ ಏನು ಸಿಕ್ಕಿತೋ,
ಒಂದು ಮೂಟೆ ಹಿಟ್ಟೋ, ಗೇಣಿಯ ನಾಲ್ಕು ಎಕರೆಯೋ,
ಬೇಡ ಅಂದರೆ ಏನಾಗಬಹುದೆಂಬ ಭಯವೋ,
ಅಥವಾ ಒಕ್ಕಣ್ಣಿನ ಮುದುಕಿಯ ಮೇಲೆ ಮರುಕವೋ.
ಮರುಕ ಎಂದು ಬರೆಯಹೊರಟ ಪೆನ್ಸಿಲ್ಲನ್ನು
ತಡೆದು ನಿಲ್ಲಿಸಿದೆ.
ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲ.

ತೆರೆ ಹಿಗ್ಗಿಸಿದರೆ ಕಾಣುತ್ತದೆ:
ಗುರುತಿನ ಎರಡು ಗೀರು ನಡುವೆ ಕೂಡುವುದೇ ಇಲ್ಲ,
ಸಾಸಿವೆಯಷ್ಟು ಜಾಗ ಬಿಟ್ಟಿದೆ.

ಪ್ರತಿಗೆ ಇಪ್ಪತ್ತೈದು ಸೆಂಟು. ಮೂರು ತೆಗೆಸಿದೆ.
ನನ್ನ ವಂಶವೃಕ್ಷದ ಹಾಳೆಯಲ್ಲಿ ಅವನಿಗೆ ಚೌಕವಿಲ್ಲ;
ಅಂಚಿನಲ್ಲಿ ಬರೆದೆ, ಗ್ರೀನ್.
ಮುಚ್ಚಲು ಇನ್ನು ಇಪ್ಪತ್ತು ನಿಮಿಷ, ಅಂದಳು ಹುಡುಗಿ,
ಇನ್ನೊಂದು ಸುರುಳಿ ಬೇಕೆ? ಯಾವ ಮನೆತನ?

ಅದೇ, ಅಂದೆ.