ಎರಡು ಚುಕ್ಕಿ

ನಾರಾಯಣಪುರದ ಹಿನ್ನೀರಿನಿಂದ ಹುಣಸಗಿಗೆ
ಟಂಟಂದಾಗ ಬಂದದ ಅಯ್ಯಾಳಪ್ಪನ ದೋಣಿ ಮೋಟಾರು,
ಗೋಣಿಚೀಲದಾಗ ಮೈ, ಹೊರಗ ಬರೇ ಪಂಖ,
ಸಂತಿಗೆ ತಂದ ಕೋಳಿಕಾಲಿನಂಗ.
‘ಹಿಂದಿನ ತೂತಿನ್ಯಾಗ ನೀರು ಬರವಲ್ದು,
ನಡುಹೊಳಿಯಾಗ ಕಾದು ನಿಲ್ತದ ನೋಡು.’

ಒಳಗಿನ ರಬ್ಬರ್ ಎಲಿ ಸವೆದದ, ಅಷ್ಟೇ.
ಅಂಗೈಯಗಲದ ಸಾಮಾನು.
ಅದರ ಬಾಗಿಲಿಗೆ ಮಾತ್ರ ಆರು ಬೋಲ್ಟು ಕಾವಲ.

ಐದು ಬಂದವು.
ಒಂದು ಬೈಕೋತ, ಒಂದು ಕಿರುಗುಟ್ಟಿ,
ಒಂದಂತೂ ಎಷ್ಟು ಸುಮ್ಮನ ಬಂತಂದ್ರ
ನನಗೇ ಅನುಮಾನ.

ಆರನೇದು.
ಇದು ಜಂಗು ಅಲ್ಲ. ಜಂಗು ಕೆಂಪಗಿರ್ತದ, ಹೇಳಿ ಬರ್ತದ.
ಇದು ಬಿಳಿ ಬೂದಿ.
ಉಕ್ಕು, ಅಲ್ಯೂಮಿನಿಯಂ ಎರಡೂ ನೀರಾಗ ಕೂತು
ಒಂದನ್ನೊಂದು ತಿಂದು ತಿಂದು
ಬೋಲ್ಟು ಯಾವುದು, ಗೂಡು ಯಾವುದು
ಅನ್ನೋದ ಮರೆತುಬಿಟ್ಟಾವ.

ಡೀಸೆಲ್ಲಿಗೆ ಥಿನ್ನರ್ ಕೂಡಿಸಿ
ರಾತ್ರಿಯೆಲ್ಲಾ ಹನಿಹನಿ ಕುಡಿಸೀನಿ.
ಹತೋಡಿಲೆ ತಲಿಗೆ ಸಣ್ಣಗ ಬಡಿದು ಕೇಳ್ತೀನಿ:
ಬಿಡೋ ಮನಸ್ಸಿದ್ದದ್ದು ಥಪ್ ಅಂತದ.
ಇದು ಠಣ್ ಅಂತು.

‘ಪಾನಾಕ್ಕ ಪೈಪ್ ಹಾಕಲೇನ್ರಿ?’ ಹುಡುಗ ಮಶಾಕ
ಆಗಲೇ ಮಾರುದ್ದದ್ದು ತಂದು ನಿಂತಾನ.
ಬ್ಯಾಡೋ. ಪೈಪಿಗೆ ಬಲ ಇರ್ತದ, ಕಿವಿ ಇರಂಗಿಲ್ಲ.

ದಸ್ತಗೀರ ಉಸ್ತಾದ ಹೇಳ್ತಿದ್ದ,
ಬಿಚ್ಚಬೇಕಂದ್ರ ಮೊದಲ ಬಿಗಿ,
ಕೂದಲೆಳಿಯಷ್ಟು.
ನೀ ಯಾಕ ಬಂದೀ ಅಂತ ಅದಕ್ಕ ಗೊತ್ತಾಗಬಾರದು.
ಬಿಗಿದೆ. ಬಿಟ್ಟೆ. ಬಿಗಿದೆ.
ಮಧ್ಯಾಹ್ನದ ಬಾಂಗ್ ಆತು. ರೊಟ್ಟಿ ಬಂತು, ಆರಿತು.

ಗ್ಯಾಸಿನ ಉರಿ ಹಿಡಿದೆ.
ಕಾದ ಮ್ಯಾಲ ಮೇಣಬತ್ತಿ ಮುಟ್ಟಿಸಿದ್ರ
ಮೇಣ ತನ್ನ ದಾರಿ ತಾನೇ ಹುಡುಕ್ಕೊಂತ
ಹಲ್ಲಿನ ಸಂದಿಗುಂಟ ಇಳೀತದ,
ಕತ್ತಲ್ಯಾಗ ಮನಿ ಗೊತ್ತಿದ್ದ ಬೆಕ್ಕಿನಂಗ.

ಅಯ್ಯಾಳಪ್ಪ ಬೀಡಿ ಹಚ್ಚಿ ಬೈದ,
‘ಯಾವ ಹಲ್ಕಾ ಬಿಗಿದಾನೋ ಇದನ್ನ!’
ನಾನೂ ಹೂಂ ಅಂದೆ.
ಹೂಂ ಅಂದು ತಲಿ ಮ್ಯಾಲಿನ ಮಸಿ ಒರೆಸಿದೆ.

ಎರಡು ಚುಕ್ಕಿ.
ಪಂಚಿಟ್ಟು ಹೊಡೆದದ್ದು, ಒಂದರ ಬಗಲಿಗೊಂದು.
ನಾ ಬಿಗಿದದ್ದಕ್ಕ ನಾ ಹಾಕೋ ಗುರುತು.

ಹೊಳಿ ಎರಡೂ ದಂಡಿ ಬಿಟ್ಟ ವರ್ಷ ಅದು.
ಗಡ್ಡಿ ಮ್ಯಾಲ ನಲವತ್ತು ಮಂದಿ, ಎಂಟು ಎಮ್ಮಿ,
ದೋಣಿ ಒಂದೇ.
ಗ್ರೀಸಿನ ಡಬ್ಬಿ ಮೊಳಕಾಲಿನ ಹಂತೇಕೇ ಇತ್ತು.
ಮುಚ್ಚಳ ತೆಗೆಯೋ ತಾಳ್ಮಿ ಇರಲಿಲ್ಲ.
ನೀರಾಗ ಉದುರಬಾರದು ಅಂತ
ಕಾಲು ಕೊಟ್ಟು ಬಿಗಿದೆ, ಮತ್ತ ಬಿಗಿದೆ.
ಅಂಜಿದ ಕೈಗೆ ಎಷ್ಟು ಬಲ ಇರ್ತದಂತ
ಅವತ್ತು ಗೊತ್ತಾಗಿರಲಿಲ್ಲ.
ಇವತ್ತು ರಟ್ಟಿ ಹೇಳಲಾಕತ್ತದ.

ಟಕ್.
ಸುಳ್ಳು ಸಡಿಲು. ತಿರುಗಿದ್ದು ಬೋಲ್ಟಲ್ಲ,
ತಲಿ ಮುರಿದು ಪಾನಾದಾಗ ಉಳೀತು.
ಮಶಾಕ ಬಾಯಿಗೆ ಕೈ ಇಟ್ಟ.

ಉಳಿದ ಮೋಟಿಗೆ ನಟ್ ಕೂಡಿಸಿ ಬೆಸುಗಿ ಇಟ್ಟೆ.
ಕೆಂಪು ಕಪ್ಪಾಗೋತನಕ ಕಾಯ್ದು
ಎರಡೇ ಬೆರಳಿಗೆ ತಾಕುವಷ್ಟು ಬಲ.
ಮುಂದ ಅರ್ಧ ನೂಲು. ಹಿಂದ ಒಂದು.
ಆಮ್ಯಾಲ ಅದು ಸಣ್ಣಗ ನರಳಿ
ಬೂದಿ ಉಗುಳಿಕೊಂತ, ಸುತ್ತು ಸುತ್ತು,
ತಾನಾಗೇ ಎದ್ದು ಬಂದಂಗ ಬಂತು.
ಯಾರೂ ಏನೂ ಅನಲಿಲ್ಲ.

‘ಬಿಗಿದ ಹಲ್ಕಾ ನಾನೇ’ ಅಂದೆ.
‘ಗೊತ್ತದ’ ಅಂದ ಅಯ್ಯಾಳಪ್ಪ,
‘ಬ್ಯಾಟ್ರಿ ಹಿಡಿದವ ನಾನಲ್ಲೇನು?’

ಹೊಸ ಬೋಲ್ಟಿಗೆ ಗ್ರೀಸ್ ಬಳಿದೆ ಬೆರಳಿನಿಂದ,
ಮುಂದ ಬಿಚ್ಚೋ ಕೈ ಮಶಾಕಂದೋ ಯಾರದೋ.
ಎಲ್ಲಿ ಸಾಕು ಅನಿಸ್ತೋ ಅಲ್ಲಿ ನಿಲ್ಲಿಸಿದೆ.
ಚುಕ್ಕಿ ಹೊಡೀಲಿಲ್ಲ.

ಬಲಿಗೆ ಗುಂಡು ಕಮ್ಮಿ ಬಿದ್ದಾವಂತ
ಮುರಿದ ತಲಿ ಮೋಟು ಎರಡೂ ಕಿಸೆಗೆ ಹಾಕ್ಕೊಂಡ,
ಐನೂರು ಅಂದದ್ದಕ್ಕ ಮುನ್ನೂರು ಕೊಟ್ಟು
ಟಂಟಂ ಹತ್ತಿದ.