ಗಂಟು ಹೋದ ದಿನ

ಕಚೇರಿ ಮುಂದಿನ ಬೇವಿನ ಗಿಡದ ಬುಡಕ್ಕ
ಮೂವತ್ತೊಂಬತ್ತು ವರ್ಷದಿಂದ ನನ್ನ ಮೇಜು.
ಅದರ ಒಂದು ಕಾಲಿಗೆ ಒತ್ತು ಕೊಟ್ಟ ಹಂಚಿನ ಚೂರು
ಇನ್ನೂ ಹಂಗ ಐತಿ.
ನಾನು ಅರ್ಜಿ ಬರಿಯಾಂವ.
ಚಂಬಣ್ಣ ಅಂತ ಹೆಸರೈತಿ, ಯಾರೂ ಕರಿಯೂದಿಲ್ಲ;
‘ಅರ್ಜಿಯವರ’ ಅಂತಾರ,
ಮನ್ಯಾಗ ಹೆಂಡತೀನೂ.

ತಾಲೂಕು ಒಡೀಬ್ಯಾಡ್ರಿ ಅಂತ
ಶಿರಹಟ್ಟಿ ಮಂದಿ ಕೊಟ್ಟ ಮನವಿ ನಾನೇ ಬರದೆ.
ಲಕ್ಷ್ಮೇಶ್ವರದಿಂದ ಮರುದಿನ ಒಬ್ಬರು ಬಂದು
ಒಡೀರಿ ಅಂತ ಬರಸಿದ್ರು.
ಅದನ್ನೂ ನಾನೇ ಬರದೆ.
ಎರಡಕ್ಕೂ ಅದೇ ‘ಸವಿನಯ’, ಅದೇ ‘ತಮ್ಮ ವಿಧೇಯ’,
ಎರಡಕ್ಕೂ ಐವತ್ತು ರೂಪಾಯಿ.
ಎರಡನೇದರಾಗ ಅಕ್ಷರ ತುಸು ಚೆಂದ ಬಂದಿದ್ದವು.
ಪೆನ್ನು ಹೊಸಾದು.

ಇವತ್ತ ಎರಡು ಟೆಂಪೋ ಬಂದು ನಿಂತಾವ.
ರೆಕಾರ್ಡ್ ರೂಮಿನ ಎರಡೂ ಪಡಿ ತೆಗೆದದ್ದು
ನಾ ನೋಡಿದ್ದು ಇದೇ ಮೊದಲು.
ದಾವಲಸಾಬ ನದಾಫ, ನಿವೃತ್ತಿಗೆ ಎರಡು ತಿಂಗಳು ಉಳದಾಂವ,
ಮೂಗಿಗೆ ಟವೆಲ್ ಕಟಗೊಂಡು
ಕೆಂಪು ಅರಿವಿ ಗಂಟು ಒಂದೊಂದ ಇಳಸ್ತಾನ,
ಹಸುಗೂಸಿನ ಕುತ್ತಿಗಿ ಹಿಡದಂಗ.
ಊರಿನ ಹೆಸರು ಕೂಗ್ತಾನ.
ಹೊಸ ಕ್ಲಾರ್ಕ್ ಹುಡಿಗಿ ಮೊಬೈಲದಾಗ ಟಿಕ್ ಹಾಕ್ತಾಳ.

ಒಂದರಾಗ ಅಣ್ಣತಮ್ಮಂದಿರ ನಡುವಿನ ಬದು,
ಮೂರು ತಲಿ ಜಗಳಾಡಿದ್ದು; ಈಗ ಅದರ ಮ್ಯಾಲ ಡಾಂಬರ ರಸ್ತಾ.
ಒಂದರಾಗ ಪ್ಲೇಗಿನ ವರ್ಷ,
ಊರ ಬಿಟ್ಟು ಹೊಲದಾಗ ಹಾಕಿದ ಗುಡಸಲ ಲೆಕ್ಕ.
ಒಂದರಾಗ ಬಾವಿಗೆ ಬಿದ್ದ ಎಮ್ಮಿಗೆ ಪರಿಹಾರ ಕೇಳಿದ
ಹೊನ್ನವ್ವನ ಹೆಬ್ಬೆಟ್ಟು.
ಸಿಕ್ಕಿತೋ ಇಲ್ಲೋ, ಮುಂದಿನ ಹಾಳಿ ಇಲಿ ತಿಂದಾವ.

ಹಿಂದಿನ ಗ್ವಾಡಿಗೆ ಹನ್ನೊಂದು ಗಂಟು,
ಸಾಂಗ್ಲಿ ಸಂಸ್ಥಾನದ ಕಾಲದ್ದು, ಮೋಡಿ ಲಿಪಿ.
ಓದಾಕ ಬರತಿದ್ದ ಕಡೀ ಮನಷ್ಯಾ ಗುಂಡೋಪಂತರು;
ಅವರು ಹೋಗಿ ಇಪ್ಪತ್ತು ವರ್ಷ.
ಅವರ ಮುಂದ ಹಿಡದರ ಹಾಳಿ ಮಾತಾಡತಿತ್ತು,
ಈಗ ಮಳಿಗಿಂತ ಮುಂಚಿನ ಇರಿವಿ ಸಾಲು.
‘ಇವು ಯಾವ ತಾಲೂಕಿಗೆ ಸರ್?’
ದಾವಲಸಾಬ ನನ್ನ ಕಡೆ ನೋಡಿದ.
ನಾ ಕಪ್ಪತಗುಡ್ಡದ ಕಡೆ ನೋಡಿದೆ.
ಇಲ್ಲೇ ಇರಲಿ ಅಂದಾಂವ ಯಾಂವೋ ಗೊತ್ತಿಲ್ಲ.
ಯಾರಿಗೂ ಓದಾಕ ಬಾರದ್ದು
ನಮ್ಮ ಪಾಲಿಗೆ ಬಂತು.

ನಾಳಿಂದ ಅರ್ಧ ತಾಲೂಕು ಬರೂದಿಲ್ಲ.
ಅಂದ್ರ ಖಾನಾವಳಿ ಈರವ್ವ ಅರ್ಧ ಹಿಟ್ಟು ನಾದತಾಳ.
ಝೆರಾಕ್ಸ್ ಅಂಗಡಿ ಮೆಹಬೂಬಿ ಎರಡನೇ ಮಶೀನು ಮಾರತಾಳ.
ಗಿಡದ ಕಟ್ಟೀ ಮ್ಯಾಲಿನ ಆ ನಾಕು ಮಂದಿ
(ಯಾರ ಖರೀದಿಗೂ ಸಾಕ್ಷಿ,
ಖರೀದಿ ಕೊಟ್ಟಾವನ ಮುಖದ ಗುರತಿಲ್ಲ)
ಇನ್ನ ಬಸ್ ಹಿಡದು ಸತ್ಯಾ ಹೇಳಾಕ ಹೋಗಬೇಕು.

ಹೊತ್ತು ಮುಳಗೂ ಮುಂದ ದಾವಲಸಾಬ
ನನ್ನ ಹುಟ್ಟೂರ ಹೆಸರು ಕೂಗಿದ.
ಅವ್ವ ಹತ್ತಿ ಬಿಡಸಾಕ ಹೋದಲ್ಲೆ ನನ್ನ ಹಡದಾಕಿ;
ತಳವಾರ ಎರಡು ದಿನ ಬಿಟ್ಟು ಬರಸಿದ,
ನಾ ಹುಟ್ಟಿದ್ದೂ ಎರಡು ದಿನ ಬಿಟ್ಟು.
ಸಾವಿರ ಮಂದಿ ತಾರೀಖು ತಿದ್ದಿಸಿಕೊಟ್ಟೆ,
ನಂದು ತಿದ್ದಿಸಲಿಲ್ಲ.
ಆ ತಪ್ಪು ಟೆಂಪೋ ಏರಿತು,
ಹಗ್ಗ ಬಿಗದ್ರು.

ದಾವಲಸಾಬ ಖಾಲಿ ರೂಮಿಗೆ ಕೀಲಿ ಹಾಕಿ
ಎರಡು ಸಲ ಜಗ್ಗಿ ನೋಡಿದ.

ಕಡೀ ಬಸ್ಸಿನಾಗ ಒಬ್ಬ ಮುದುಕಿ ಇಳದಳು,
ಕೈಯಾಗ ಪ್ಲಾಸ್ಟಿಕ್ ಚೀಲ, ಅದರಾಗ ಆಧಾರ್ ಕಾರ್ಡು.
ಪಿಂಚಣಿ ನಿಂತೈತಿ, ಬರದು ಕೊಡಪಾ.
ಊರು ಕೇಳಿದೆ. ಹೇಳಿದಳು.
‘ಮಾನ್ಯ ತಹಶೀಲ್ದಾರರು’ ಅಂತ ಬರದು
ಕೈ ತಾನಾಗೇ ‘ಶಿರಹಟ್ಟಿ’ ಅಂತ ಹೋತು.
ಕಾಟು ಹೊಡದೆ. ಮ್ಯಾಲ ಲಕ್ಷ್ಮೇಶ್ವರ ಬರದೆ.
ತಿದ್ದುಪಡಿ ಮಗ್ಗಲಕ ಸಣ್ಣ ಸಹಿ ಹಾಕಿದೆ.
ಹತ್ತು ರೂಪಾಯಿ ಕಡಿಮಿ ಇಸಗೊಂಡೆ.