ರೆಪ್ಪೆಯ ಮೇಲೆ ಬರೆದ ಕಣ್ಣು

ಚೀಟಿ ಕಟ್ಟಿಸಿಕೊಂಡವನು ರಾತ್ರೋರಾತ್ರಿ ಊರು ಬಿಟ್ಟಾಗ
ಅಪ್ಪನ ಪಾಲಿಗೆ ಉಳಿದದ್ದು
ಅವನ ಮನೆಯ ಮೊಳೆಗೆ ತೂಗುತ್ತಿದ್ದ ಒಂದು ಕ್ಲಿಕ್ ಥ್ರೀ.
ಎರಡೇ ಗುರುತು ಅದರ ಮೇಲೆ: ಸೂರ್ಯ, ಮೋಡ.
ರೋಲಿಗೆ ಹನ್ನೆರಡೇ ಚಿತ್ರ.
ಅಮ್ಮ ಕೊಬ್ಬರಿ ಚೂರು ಎಣಿಸಿ ಕೊಡುವ ಹಾಗೆ
ಅಪ್ಪ ತಿಂಗಳಿಗೊಂದು ರೋಲು.

ಕಬ್ಬನ್‌ಪೇಟೆಯ ನಮ್ಮ ಗಲ್ಲಿಯಲ್ಲಿ
ಮನೆಗೆ ನಾಲ್ಕು ಮಗ್ಗ; ಬೆಳಗಿಂದ ಕಟಕಟ, ಕಟಕಟ.
ಕೂಗಿಯೇ ಮಾತಾಡಿ ಅಭ್ಯಾಸ ನಮಗೆ,
ಸಾವಿನ ಮನೆಯಲ್ಲೂ.
ಮೊದಲ ರೋಲಿನಲ್ಲಿ ಐದು ಸಲ ನನ್ನ ಹೆಬ್ಬೆರಳು,
ಎರಡು ಸಲ ಪಕ್ಕದ ಮನೆ ಮೇಕೆ, ತಲೆಯಿಲ್ಲದೆ.
ಸ್ಟುಡಿಯೋ ಯತಿರಾಜು ಕವರು ಕೊಡುತ್ತ ಅಂದ:
"ಮಟಮಟ ಮಧ್ಯಾಹ್ನ ತೆಗೀಬೇಡವೇ,
ಮುಖ ಎಲ್ಲ ಸೀದ ದೋಸೆ ಆಗ್ತವೆ."

ನನಗೆ ಹನ್ನೊಂದು. ಒಂದು ಸಂಜೆ ಕರೆಂಟು ಹೋಯಿತು.
ಗಲ್ಲಿಗೆ ಗಲ್ಲಿಯೇ ಗಕ್ಕನೆ ನಿಂತಿತು.
ಎದುರುಮನೆ ಸಾವಂತ್ರಮ್ಮ ಲಡಿ ಸುತ್ತುವುದು ಬಿಟ್ಟು
ಜಗುಲಿಗೆ ಬಂದು ಕೂತಳು, ಕಣ್ಣು ಮುಚ್ಚಿದಳು,
ಯಾರೋ ಬೆನ್ನು ನೀವಿದ ಹಾಗೆ.
ತೋಳಿಗೆ ಅಂಟಿದ್ದ ರೇಷ್ಮೆ ಎಳೆ ಒಂದು ಹೊಳೆಯುತ್ತಿತ್ತು.
ಕಡ್ಡಿಯನ್ನು ಮೋಡಕ್ಕೆ ಸರಿಸಿ ಒತ್ತಿದೆ.
ಟಕ್ ಎಂದದ್ದು ಅವಳಿಗೂ ಕೇಳಿಸಿರಬೇಕು;
ಕಣ್ಣು ಬಿಡದೆಯೇ "ಹೋಗೇ" ಅಂದಳು, ನಕ್ಕಳು.

ಆ ಶ್ರಾವಣದಲ್ಲಿ ಕಾಮಾಲೆ. ಎಂಟೇ ದಿನ.
ಅವಳದೊಂದು ಫೋಟೋ ಇಲ್ಲ ಮನೆಯಲ್ಲಿ,
ನಾನು ತೆಗೆದದ್ದು ಬಿಟ್ಟು.
"ಕಣ್ಣು ಮುಚ್ಕೊಂಡವ್ಳೆ, ಹಾರ ಹೆಂಗೆ ಹಾಕೋದು?"
ಅಂದ ಗಂಡ. ಯತಿರಾಜು ದೊಡ್ಡದು ಮಾಡಿದ,
ಕೂದಲೆಳೆಯ ಬ್ರಷ್ಷು ತುಟಿಯಲ್ಲಿ ಚೂಪು ಮಾಡಿ
ರೆಪ್ಪೆಯ ಮೇಲೆ ಎರಡು ಕಣ್ಣು ಬರೆದ.
ಸ್ಟೂಲಿನ ಮೇಲೆ ನಿಂತು ನೋಡಿದೆ.
ಕೆಲಸ ಚೆನ್ನಾಗಿತ್ತು. ಎಲ್ಲರೂ ಹೊಗಳಿದರು.
ನೆಗೆಟಿವ್ ವಾಪಸ್ ಕೇಳಿ ತಂದು
ಕಾಂಪಾಸ್ ಬಾಕ್ಸಿನಲ್ಲಿಟ್ಟೆ.

ಆಮೇಲೆ ಏನೇನೋ. ಬಚ್ಚಲಲ್ಲಿ ಕೆಂಪು ಬಲ್ಬು,
ಹೈಪೋ ವಾಸನೆಗೆ ಅಜ್ಜಿಯ ಬೈಗುಳ,
ಮದುವೆ ಆಲ್ಬಮ್ಮು, ಪಾಸ್‌ಪೋರ್ಟ್ ಸೈಜು, ಹಲ್ಲುಪುಡಿಯ ಕ್ಯಾಲೆಂಡರು.
ಹೊಟ್ಟೆಗೆ ಒಂದು ಕ್ಯಾಮೆರಾ, ನನಗೆ ಇನ್ನೊಂದು.
ಆ ಇನ್ನೊಂದರಲ್ಲಿ ಊರು ಕಣ್ಣು ಮುಚ್ಚಿಯೇ ಬಂತು:
ಮೆಜೆಸ್ಟಿಕ್ಕಿನ ಕೊನೆ ಬಸ್ಸಿನ ಕಂಡಕ್ಟರು, ಚಿಲ್ಲರೆ ಎಣಿಸುತ್ತಲೇ;
ಕ್ಷೌರದಂಗಡಿಯಲ್ಲಿ ಕತ್ತು ಒಪ್ಪಿಸಿದ ಇನ್‌ಸ್ಪೆಕ್ಟರು;
ಮೆಟ್ರೋದಲ್ಲಿ ಯಾರದೋ ಹೆಗಲಿಗೆ ಒರಗಿದ ನರ್ಸು.
ಮೊದಲು ತೆಗೆದು, ಎದ್ದ ಮೇಲೆ ಕೇಳುತ್ತಿದ್ದೆ.
ಬೇಡ ಅಂದವರಿಗೆ ನೆಗೆಟಿವ್ ಕತ್ತರಿಸಿ ಕೊಟ್ಟೆ.
"ಈ ಆಟ ಎಷ್ಟು ದಿನ?" ಎಂದು ಅಮ್ಮ ಕೇಳುವುದನ್ನು
ಯಾವ ವರ್ಷ ಬಿಟ್ಟಳೋ, ನೆನಪಿಲ್ಲ.

ಕಳೆದ ತಿಂಗಳು ಕುಮಾರಕೃಪಾ ರಸ್ತೆಯ ಗ್ಯಾಲರಿಯಲ್ಲಿ
ಮೊದಲ ಗೋಡೆಗೆ ಸಾವಂತ್ರಮ್ಮ.
ಮಗಳು ಗಂಗಲಕ್ಷ್ಮಿಗೆ ಹೇಳಿಕಳಿಸಿದ್ದೆ.
ಮೂರು ಸಲ ಆಚೆ ಹೋಗಿ, ಮೂರು ಸಲ ಒಳಗೆ ಬಂದಳು.
"ಇಷ್ಟು ವರ್ಷ ಗೋಡೆ ಮೇಲಿಂದ
ದುರುಗುಟ್ಕೊಂಡು ನೋಡ್ತಾನೇ ಇದ್ಲು ಕಣೇ,
ಒಂದು ಸುಳ್ಳು ಹೇಳಕ್ಕೆ ಬಿಡಲಿಲ್ಲ."
ಮತ್ತೆ ದನಿ ತಗ್ಗಿಸಿದಳು
(ನಮ್ಮ ಗಲ್ಲಿಯವರು ದನಿ ತಗ್ಗಿಸಿದ್ದು
ನಾನು ಕೇಳಿದ್ದು ಅದೇ ಮೊದಲು):
"ಲೈಟು ಒಂಚೂರು ಕಮ್ಮಿ ಮಾಡಿಸ್ತೀಯಾ?"

ಹೋಗಿ ಸ್ವಿಚ್ಚು ಹುಡುಕಿದೆ.